ವಿದೇಶ ಪ್ರವಾಸಕ್ಕೆ ಫಿಲ್ಮ್ ಕ್ಯಾಮೆರಾವೋ ಡಿಜಿಟಲ್ಲೋ? ಬೆಂಗಳೂರಿನಿಂದ ಹೊರಡುವವರಿಗೆ ಹಂತ ಹಂತದ ಮಾರ್ಗದರ್ಶಿ

"ಅಟ್ಟದಲ್ಲಿ ಅಪ್ಪನ ಕಾಲದ ಯಾಷಿಕಾ ಸಿಕ್ಕಿದೆ. ಬರುವ ತಿಂಗಳು ಜಪಾನಿಗೆ ಹೊರಟಿದ್ದೇವೆ. ಅದನ್ನೇ ಒಯ್ಯಲೇ, ಇಲ್ಲ ಹೊಸ ಡಿಜಿಟಲ್ ಕ್ಯಾಮೆರಾ ಕೊಳ್ಳಲೇ?" ದೇಶದ ಹೆಸರು ಬದಲಾಗುತ್ತದೆ, ಕ್ಯಾಮೆರಾದ ಹೆಸರು ಬದಲಾಗುತ್ತದೆ, ಪ್ರಶ್ನೆ ಇದೇ. ಕೇಳುವವರಲ್ಲಿ ಬಹುಪಾಲು ಮಂದಿ ರೀಲು ತೊಳೆಸಿ ಪ್ರಿಂಟ್ ಹಾಕಿಸುತ್ತಿದ್ದ ಕಾಲವನ್ನು ಕಂಡವರಲ್ಲ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವುದಕ್ಕಿಂತ ಎಲ್ಲವನ್ನೂ ಒಂದೆಡೆ ಹೇಳಿಬಿಡುವುದು ವಾಸಿ.

ನನ್ನ ತೀರ್ಪನ್ನು ಮೊದಲೇ ತಿಳಿಸುತ್ತೇನೆ. ಯಾವುದರ ಬಣ್ಣ ಚೆನ್ನ ಎಂಬ ವಾದ ಊರಿನಲ್ಲೇ ಕುಳಿತು ಚಿತ್ರ ತೆಗೆಯುವವರಿಗೆ ಇರಲಿ. ಪ್ರವಾಸದಲ್ಲಿ ಫಿಲ್ಮಿನ ಹಣೆಬರಹ ಬರೆಯುವವು ಮೂರು: ವಿಮಾನ ನಿಲ್ದಾಣದ ತಪಾಸಣಾ ಯಂತ್ರ, ಹೋದ ಊರಿನ ಬೆಳಕು, ಕೊನೆಗೆ ರೀಲು ತೊಳೆಯುವ ಲ್ಯಾಬು. ಈ ಮೂರನ್ನೂ ನಿಭಾಯಿಸುವ ತಾಳ್ಮೆ ಇದ್ದವರು ಧಾರಾಳವಾಗಿ ಫಿಲ್ಮ್ ಒಯ್ಯಲಿ. ಆದರೆ ಮತ್ತೊಮ್ಮೆ ಹೋಗುವುದು ಅನುಮಾನವೆನಿಸುವ ಪ್ರವಾಸಕ್ಕೆ, ಅಂದರೆ ಅಪ್ಪ ಅಮ್ಮನ ಮೊದಲ ವಿದೇಶ ಯಾತ್ರೆಗೋ ಮದುವೆಯ ನಂತರದ ಮೊದಲ ಪ್ರವಾಸಕ್ಕೋ, ಫಿಲ್ಮನ್ನಷ್ಟೇ ನೆಚ್ಚಿಕೊಂಡು ಹೊರಡಬೇಡಿ.

ಹಂತ 1: ಕೊಳ್ಳುವ ಮೊದಲು ನಾಲ್ಕು ಪ್ರಶ್ನೆ

ಒಂದು ಹಾಳೆ ತೆಗೆದುಕೊಂಡು ಉತ್ತರ ಬರೆಯಿರಿ. ಬಾಯಲ್ಲಿ ಹೇಳಿಕೊಂಡರೆ ಮನಸ್ಸು ತನಗೆ ಬೇಕಾದ ಉತ್ತರವನ್ನೇ ಕೊಡುತ್ತದೆ.

ಚಿತ್ರಗಳು ಯಾರಿಗೆ, ಯಾವಾಗ ಬೇಕು? ಅದೇ ದಿನ ಸಂಜೆ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಕಾದರೆ ಡಿಜಿಟಲ್ ಇಲ್ಲದೆ ಗತಿಯಿಲ್ಲ. ಹಾಗೆಂದು ಹೊಸ ಕ್ಯಾಮೆರಾ ಕೊಳ್ಳಲೇಬೇಕೆಂದಿಲ್ಲ. ನಿಮ್ಮ ಜೇಬಿನ ಮೊಬೈಲೂ ಡಿಜಿಟಲ್ ಕ್ಯಾಮೆರಾವೇ. ಮೂರು ನಾಲ್ಕು ವರ್ಷದೊಳಗಿನ ಒಳ್ಳೆಯ ಮೊಬೈಲ್ ಇದ್ದು, ದೂರದ ಪ್ರಾಣಿ ಪಕ್ಷಿಗಳನ್ನು ತೆಗೆಯುವ ಇರಾದೆ ಇಲ್ಲದಿದ್ದರೆ ಅದರ ಜೊತೆಗೊಂದು ಫಿಲ್ಮ್ ಕ್ಯಾಮೆರಾ ಸಾಕು. ಎಷ್ಟೋ ಜನ ಈ ಸರಳ ಜೋಡಿಯನ್ನು ಬಿಟ್ಟು, ಬಳಸಲು ಕಲಿಯದ ಹೊಸ ಕ್ಯಾಮೆರಾಕ್ಕೆ ಲಕ್ಷ ಸುರಿಯುತ್ತಾರೆ.

ಏನನ್ನು ನೋಡಲು ಹೋಗುತ್ತಿದ್ದೀರಿ? ಕೀನ್ಯಾದ ಕಾಡು, ನಾರ್ವೆ ಅಥವಾ ಐಸ್‌ಲ್ಯಾಂಡಿನ ಧ್ರುವಪ್ರಭೆ, ರಾತ್ರಿ ಮಾರುಕಟ್ಟೆಗಳು ಎಂದಾದರೆ ಡಿಜಿಟಲ್. ಓಡುವ ಚಿರತೆಗೂ ಆಕಾಶದಲ್ಲಿ ಸರಿದಾಡುವ ಹಸಿರು ಬೆಳಕಿಗೂ 36 ಚಿತ್ರಗಳ ರೀಲು ಯಾವ ಮೂಲೆಗೂ ಸಾಲದು. ಹಗಲು ಹೊತ್ತಿನ ಬೀದಿ, ಸಮುದ್ರ ತೀರ, ಹಳೆಯ ಊರುಗಳ ನಡಿಗೆ ಎಂದಾದರೆ ಫಿಲ್ಮ್ ಚೆನ್ನಾಗಿ ಒಗ್ಗುತ್ತದೆ.

ದಾರಿಯಲ್ಲಿ ಎಷ್ಟು ಭದ್ರತಾ ತಪಾಸಣೆಗಳಿವೆ? ಟಿಕೆಟ್ ಮುಂದಿಟ್ಟುಕೊಂಡು ಎಣಿಸಿ. ಬೆಂಗಳೂರಿನಿಂದ ಟೋಕಿಯೊಗೋ ಫ್ರಾಂಕ್‌ಫರ್ಟಿಗೋ ನೇರ ವಿಮಾನವಾದರೆ ಹೋಗುವಾಗ ಒಂದು, ಬರುವಾಗ ಒಂದು. ದೋಹಾ ಅಥವಾ ದುಬೈಯಲ್ಲಿ ವಿಮಾನ ಬದಲಿಸಿದರೆ ಅಲ್ಲಿ ಮತ್ತೊಮ್ಮೆ ಯಂತ್ರದ ಮುಂದೆ ನಿಲ್ಲಬೇಕಾಗಬಹುದು. ಯುರೋಪಿನೊಳಗೆ ಅಗ್ಗದ ವಿಮಾನಗಳಲ್ಲಿ ಊರೂರು ಹಾರುವವರಿಗೆ ಈ ಸಂಖ್ಯೆ ಬೇಗ ಏರುತ್ತದೆ. ಐದಾರು ದಾಟಿದರೆ ಫಿಲ್ಮ್ ಬಿಡಿ, ಇಲ್ಲವೇ ಐದನೇ ಹಂತವನ್ನು ಎರಡು ಬಾರಿ ಓದಿ. ಊರಿಂದೂರಿಗೆ ರೈಲಿನಲ್ಲಿ ಹೋಗುವವರು ಈ ವಿಷಯದಲ್ಲಿ ಅದೃಷ್ಟವಂತರು.

ಕೊನೆಯ ಪ್ರಶ್ನೆ, ದಿನಕ್ಕೆ ಎಷ್ಟು ಚಿತ್ರ ತೆಗೆಯುತ್ತೀರಿ? ಕಳೆದ ಪ್ರವಾಸದ ಮೊಬೈಲ್ ಗ್ಯಾಲರಿ ತೆರೆದು ನೋಡಿ. ದಿನಕ್ಕೆ ಇನ್ನೂರು ತೆಗೆದಿದ್ದರೆ, ಫಿಲ್ಮ್ ಕೈಗೆ ಬಂದ ಮಾತ್ರಕ್ಕೆ ಇಪ್ಪತ್ತಕ್ಕೆ ಇಳಿಯುತ್ತೀರಿ ಎಂಬ ಭರವಸೆ ಬೇಡ.

ಹಂತ 2: ಖರ್ಚಿನ ಲೆಕ್ಕ

ಹಳೆಯ ಕ್ಯಾಮೆರಾ ಪುಕ್ಕಟೆ ಸಿಕ್ಕಿದೆ ಎಂದು ಫಿಲ್ಮ್ ಅಗ್ಗವಾಗುವುದಿಲ್ಲ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಿಂದ 'ಇಂದು' ಹೆಸರಿನ ಫಿಲ್ಮ್ ಬರುತ್ತಿದ್ದ ದಿನಗಳು ಮುಗಿದಿವೆ. ಇಂದು ಅಂಗಡಿಯಲ್ಲಿ ಸಿಗುವುದು ಆಮದು ಮಾಲು, ಬೆಲೆಯೂ ಅದಕ್ಕೆ ತಕ್ಕಂತೆ.

ಲೆಕ್ಕ ಹೀಗೆ ಹಾಕಿ: ರೀಲಿನ ಬೆಲೆ, ತೊಳೆಯುವ ಶುಲ್ಕ, ಸ್ಕ್ಯಾನ್ ಶುಲ್ಕ ಮೂರನ್ನೂ ಕೂಡಿಸಿ 36ರಿಂದ ಭಾಗಿಸಿ. ಸುಲಭಕ್ಕಾಗಿ ಒಟ್ಟು 1,800 ರೂಪಾಯಿ ಎಂದುಕೊಳ್ಳೋಣ. ಒಂದು ಚಿತ್ರಕ್ಕೆ 50 ರೂಪಾಯಿ ಬಿತ್ತು. ಹತ್ತು ರೀಲಿಗೆ 18,000. ನಿಮ್ಮ ಅಂಗಡಿ ಮತ್ತು ಲ್ಯಾಬಿನ ಇಂದಿನ ದರವನ್ನು ಹಾಕಿಕೊಂಡು ನೋಡಿ. ಸ್ಕ್ಯಾನ್ ಎಂದರೆ ತೊಳೆದ ನೆಗೆಟಿವನ್ನು ಕಂಪ್ಯೂಟರಿನಲ್ಲಿ ನೋಡಬಲ್ಲ ಕಡತವಾಗಿಸುವುದು. ಇದಕ್ಕೆ ಸಾಮಾನ್ಯ ಮತ್ತು ದೊಡ್ಡ ಗಾತ್ರ ಎಂದು ಬೇರೆ ಬೇರೆ ದರ ಇರುತ್ತದೆ. ಗೋಡೆಗೆ ಹಾಕುವ ಪ್ರಿಂಟ್ ಬೇಕಿಲ್ಲದಿದ್ದರೆ ಸಾಮಾನ್ಯ ಗಾತ್ರ ಸಾಕು. ಇಷ್ಟವಾದ ನಾಲ್ಕನ್ನು ಆಮೇಲೆ ದೊಡ್ಡದಾಗಿ ಮಾಡಿಸಬಹುದು, ನೆಗೆಟಿವ್ ನಿಮ್ಮ ಬಳಿಯೇ ಇರುತ್ತದಲ್ಲ.

ಪೆಂಟ್ಯಾಕ್ಸ್ ಸಂಸ್ಥೆ 2024ರಲ್ಲಿ ತಂದ 'ಪೆಂಟ್ಯಾಕ್ಸ್ 17' ಎಂಬ ಹೊಸ ಫಿಲ್ಮ್ ಕ್ಯಾಮೆರಾ ಅರ್ಧ ಚೌಕಟ್ಟಿನದು. 36ರ ರೀಲಿನಲ್ಲಿ 72 ಚಿತ್ರ ಬರುತ್ತವೆ. ಕೊಡಾಕ್ ಹೆಸರಿನ ಎಕ್ಟಾರ್ ಎಚ್35 ಕೂಡ ಇದೇ ಬಗೆಯ, ಆದರೆ ತೀರಾ ಸರಳವಾದ ಕ್ಯಾಮೆರಾ. ರೀಲಿನ ಖರ್ಚು ಅರ್ಧಕ್ಕಿಳಿಯುತ್ತದೆ ನಿಜ. ಸ್ಕ್ಯಾನಿನಲ್ಲಿ ಎರಡೆರಡು ಚಿತ್ರ ಒಟ್ಟಿಗೆ ಬೇಕೋ ಬಿಡಿಯಾಗಿ ಬೇಕೋ ಎಂದು ಲ್ಯಾಬಿಗೆ ಮೊದಲೇ ಹೇಳಿ, ಬಿಡಿಯಾದರೆ ಹೆಚ್ಚು ದರ ಕೇಳಬಹುದು.

ಡಿಜಿಟಲ್ ಪಾಳಿಯ ಖರ್ಚು ಒಂದೇ ಏಟಿಗೆ ಮುಗಿಯುತ್ತದೆ: ಕ್ಯಾಮೆರಾ, ಲೆನ್ಸ್, ಒಂದು ಹೆಚ್ಚುವರಿ ಬ್ಯಾಟರಿ, ಎರಡು ಕಾರ್ಡು. ಒಂದೇ ಪ್ರವಾಸಕ್ಕಾಗಿ ಬೇಕಿದ್ದರೆ ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ ಕ್ಯಾಮೆರಾ, ಲೆನ್ಸ್ ಬಾಡಿಗೆಗೆ ಕೊಡುವವರು ಬೇಕಾದಷ್ಟಿದ್ದಾರೆ. ಆದರೆ ವಿದೇಶಕ್ಕೆ ಒಯ್ಯಲು ಒಪ್ಪಿಗೆ ಇದೆಯೇ ಎಂದು ಲಿಖಿತವಾಗಿ ಕೇಳಿ.

ಹಂತ 3: ಯಾವ ಫಿಲ್ಮ್?

ಡಿಜಿಟಲ್ ಎಂದು ನಿರ್ಧರಿಸಿದವರು ನೇರವಾಗಿ ಆರನೇ ಹಂತಕ್ಕೆ ಹೋಗಬಹುದು.

ಫಿಲ್ಮ್ ಡಬ್ಬಿಯ ಮೇಲಿನ 100, 200, 400, 800 ಎಂಬ ಸಂಖ್ಯೆ ಐಎಸ್ಒ, ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬ ಅಳತೆ. ಸಂಖ್ಯೆ ಹೆಚ್ಚಿದಷ್ಟೂ ಕಡಿಮೆ ಬೆಳಕಿನಲ್ಲಿ ಕೆಲಸ ಮಾಡುತ್ತದೆ, ಚಿತ್ರ ಅಷ್ಟೇ ಒರಟಾಗಿ ಕಾಳುಕಾಳಾಗಿ ಕಾಣುತ್ತದೆ. ಎಕ್ಸ್-ರೇಗೆ ಅಷ್ಟೇ ಬೇಗ ಹಾಳೂ ಆಗುತ್ತದೆ. ಡಿಜಿಟಲ್‌ನಲ್ಲಿ ಈ ಸಂಖ್ಯೆಯನ್ನು ಪ್ರತಿ ಚಿತ್ರಕ್ಕೂ ಬದಲಿಸಬಹುದು. ಫಿಲ್ಮಿನಲ್ಲಿ ರೀಲು ಮುಗಿಯುವ ತನಕ ಅದೇ ಸಂಖ್ಯೆಗೆ ಕಟ್ಟುಬಿದ್ದಿರುತ್ತೀರಿ.

ಮೊದಲ ಸಲ ಒಯ್ಯುವವರಿಗೆ ಬಣ್ಣದ ನೆಗೆಟಿವ್ ಫಿಲ್ಮ್ ಸರಿ. ಇದನ್ನು ತೊಳೆಯುವ ವಿಧಾನಕ್ಕೆ ಸಿ-41 ಎಂದು ಹೆಸರು, ಡಬ್ಬಿಯ ಮೇಲೇ ಬರೆದಿರುತ್ತದೆ. ಬಿಸಿಲಿನ ದೇಶವಾದರೆ ಕೊಡಾಕ್ ಗೋಲ್ಡ್ 200, ಮೋಡದ ಊರುಗಳಿಗೆ ಅಲ್ಟ್ರಾಮ್ಯಾಕ್ಸ್ 400, ಕೈ ಸಡಿಲವಿದ್ದರೆ ಪೋರ್ಟ್ರಾ 400. ಕಪ್ಪು ಬಿಳುಪು ಇಷ್ಟವೆನ್ನುವವರಿಗೆ ಇಲ್‌ಫರ್ಡ್ ಎಚ್‌ಪಿ5 ಪ್ಲಸ್. ಸ್ಲೈಡ್ ಫಿಲ್ಮ್, ಅಂದರೆ ತೊಳೆದ ಮೇಲೆ ನೇರವಾಗಿ ನಿಜ ಬಣ್ಣದಲ್ಲೇ ಕಾಣುವ ಎಕ್ಟಾಕ್ರೋಮ್, ವೆಲ್ವಿಯಾದಂಥವು, ನೋಡಲು ಬಲು ಸೊಗಸು. ಆದರೆ ಬೆಳಕಿನ ಅಳತೆ ಸ್ವಲ್ಪ ತಪ್ಪಿದರೂ ಕ್ಷಮೆಯಿಲ್ಲ, ತೊಳೆಯಲು ಇ-6 ಎಂಬ ಬೇರೆಯದೇ ವಿಧಾನ ಬೇಕು, ಅದನ್ನು ಮಾಡುವ ಲ್ಯಾಬುಗಳು ವಿರಳ. ಮೊದಲ ಪ್ರವಾಸಕ್ಕೆ ಬೇಡ.

ಎಲ್ಲ ರೀಲುಗಳೂ ಒಂದೇ ಬಗೆಯವಾಗಿರಲಿ. ನಾಲ್ಕು ಬಗೆ ಒಯ್ದವರು ಹೋಟೆಲಿನಲ್ಲಿ ಯಾವುದು ಎಲ್ಲಿ ಹೋಯಿತೆಂದು ಹುಡುಕುತ್ತಾರೆ, ಕ್ಯಾಮೆರಾದ ಐಎಸ್ಒ ತಿರುಗಣೆ ಬದಲಿಸಲು ಮರೆಯುತ್ತಾರೆ.

ಅಟ್ಟದಲ್ಲಿ ಕ್ಯಾಮೆರಾದ ಜೊತೆಗೆ ಹಳೆಯ ರೀಲೂ ಸಿಕ್ಕಿದ್ದರೆ ಅದನ್ನು ಪ್ರವಾಸಕ್ಕೆ ಒಯ್ಯಬೇಡಿ. ಅವಧಿ ಮೀರಿದ ಫಿಲ್ಮಿನ ಬಣ್ಣ ಯಾವ ಕಡೆ ವಾಲುತ್ತದೋ ಹೇಳಲಾಗದು. ಅದರಲ್ಲೂ ಡಬ್ಬಿಯ ಮೇಲೆ ಕೊಡಾಕ್ರೋಮ್ ಎಂದಿದ್ದರೆ ನೆನಪಿಗೆ ಇಟ್ಟುಕೊಳ್ಳಿ, ಅಷ್ಟೆ. ಅದನ್ನು ಬಣ್ಣದಲ್ಲಿ ತೊಳೆಯುತ್ತಿದ್ದ ಕೊನೆಯ ಲ್ಯಾಬು ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿತ್ತು, 2010ರ ಕೊನೆಗೆ ಆ ಕೆಲಸ ನಿಲ್ಲಿಸಿತು.

ಹಂತ 4: ಹೊರಡುವ ಮೊದಲು ಒಂದು ರೀಲು ಬೆಂಗಳೂರಿಗೆ

ಹಳೆಯ ಕ್ಯಾಮೆರಾವನ್ನು ಪರೀಕ್ಷಿಸದೆ ವಿಮಾನ ಹತ್ತಿಸಬೇಡಿ. ಪ್ರವಾಸಕ್ಕೆ ಕನಿಷ್ಠ ಆರು ವಾರ ಮೊದಲೇ ಒಂದು ರೀಲು ಹಾಕಿ ಮುಗಿಸಿ. ಒಂದು ಕಾಲದಲ್ಲಿ ಬಡಾವಣೆಗೊಂದು ಕಲರ್ ಲ್ಯಾಬ್ ಇದ್ದ ಊರಿದು, ಈಗ ಫಿಲ್ಮ್ ತೊಳೆಯುವವರು ಬೆರಳೆಣಿಕೆಯಷ್ಟು. ರಾಸಾಯನಿಕ ವ್ಯರ್ಥವಾಗಬಾರದೆಂದು ಒಂದಷ್ಟು ರೀಲುಗಳು ಸೇರುವ ತನಕ ಕಾಯುವವರೂ ಇದ್ದಾರೆ. ಹೀಗಾಗಿ ಫಲಿತಾಂಶ ಕೈಸೇರಲು ವಾರ ಎರಡು ವಾರ ಹಿಡಿಯಬಹುದು.

ಮೊದಲು ಮನೆಯಲ್ಲೇ ಕ್ಯಾಮೆರಾದ ಹಿಂಬಾಗಿಲು ತೆರೆದು ನೋಡಿ. ಅಂಚಿನಲ್ಲಿರುವ ಕಪ್ಪು ಸ್ಪಂಜು ಬೆರಳಿಗೆ ಜಿಗುಟಾಗಿ ಅಂಟಿಕೊಂಡರೆ ಅದು ಕರಗಿದೆ ಎಂದರ್ಥ. ಅಲ್ಲಿಂದ ಬೆಳಕು ನುಗ್ಗಿ ಚಿತ್ರದ ಮೇಲೆ ಕಿತ್ತಳೆ ಪಟ್ಟೆ ಎಳೆಯುತ್ತದೆ. ಸ್ಪಂಜು ಬದಲಿಸುವುದು ಸಣ್ಣ ಕೆಲಸ. ಲೆನ್ಸನ್ನು ದೀಪಕ್ಕೆ ಹಿಡಿದು ನೋಡಿ, ಒಳಗೆ ಜೇಡರ ಬಲೆಯಂತೆ ಎಳೆಗಳು ಕಂಡರೆ ಅದು ಬೂಷ್ಟು. ಕಪಾಟಿನಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟ ಕ್ಯಾಮೆರಾಗಳಿಗೆ ಬರುವ ಮಾಮೂಲಿ ಕಾಯಿಲೆ ಇದು. ಶುಚಿ ಮಾಡಿಸದೆ ಒಯ್ದರೆ ಎಲ್ಲ ಚಿತ್ರಗಳೂ ಮಂಜು ಕವಿದಂತೆ ಬರುತ್ತವೆ.

ಬ್ಯಾಟರಿ ವಿಷಯದಲ್ಲಿ ಎಚ್ಚರ. ಯಾಷಿಕಾ ಎಲೆಕ್ಟ್ರೋ 35ರಂಥ ಕೆಲವು ಹಳೆಯ ಕ್ಯಾಮೆರಾಗಳು ಈಗ ತಯಾರಾಗದ ಪಾದರಸದ ಬ್ಯಾಟರಿಗಾಗಿ ಮಾಡಿದವು. ಇವಕ್ಕೆ ಹೊಂದಿಕೆಯ ತುಂಡೊಂದನ್ನು ತರಿಸಿ ಬೇರೆ ಬ್ಯಾಟರಿ ಹಾಕಬೇಕು. ಇದು ಅವೆನ್ಯೂ ರಸ್ತೆಯಲ್ಲೋ ಎಸ್.ಪಿ. ರಸ್ತೆಯಲ್ಲೋ ಅಲೆದು ಈಗಲೇ ಮಾಡಬೇಕಾದ ಕೆಲಸ, ಕ್ಯೋಟೊದಲ್ಲಿ ಇಳಿದ ಮೇಲಲ್ಲ. ಪೆಂಟ್ಯಾಕ್ಸ್ ಕೆ1000, ನಿಕಾನ್ ಎಫ್‌ಎಂ2 ಮುಂತಾದ ಯಾಂತ್ರಿಕ ಕ್ಯಾಮೆರಾಗಳಿಗೆ ಬ್ಯಾಟರಿ ಬೆಳಕು ಅಳೆಯಲಷ್ಟೇ ಬೇಕು, ಸತ್ತರೂ ಷಟರ್, ಅಂದರೆ ಗುಂಡಿ ಒತ್ತಿದಾಗ ತೆರೆದು ಮುಚ್ಚಿ ಫಿಲ್ಮಿಗೆ ಬೆಳಕು ಬಿಡುವ ಪರದೆ, ಕೆಲಸ ಮಾಡುತ್ತದೆ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಇಂಥದ್ದನ್ನೇ ಒಯ್ಯಿರಿ. ತೊಂಬತ್ತರ ದಶಕದಲ್ಲಿ ನಮ್ಮ ಮನೆಮನೆಗಳಲ್ಲಿದ್ದ ಯಾಷಿಕಾ ಎಂಎಫ್-2, ಕೊಡಾಕ್ ಕೆಬಿ-10 ಮಾದರಿಗಳು ಬಿಸಿಲಿಗೆ ಮತ್ತು ಫ್ಲ್ಯಾಶ್ ತಲುಪುವಷ್ಟು ದೂರದ ಮುಖಗಳಿಗೆ ಮಾತ್ರ. ಅವುಗಳಿಂದ ಪ್ಯಾರಿಸ್ಸಿನ ಸಂಜೆಯನ್ನು ಬಯಸಬೇಡಿ.

ಪರೀಕ್ಷೆಗೆ ಜಾಗಗಳನ್ನು ಯೋಚಿಸಿ ಆರಿಸಿ. ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲಿಗೆ ಹೋದರೆ ಕಡಿಮೆ ಬೆಳಕಿನಲ್ಲಿ ನಿಮ್ಮ ಕೈ ಎಷ್ಟು ನಡುಗುತ್ತದೆಂದು ತಿಳಿಯುತ್ತದೆ. ವಿದೇಶದ ಚರ್ಚು, ಮುಚ್ಚಿದ ಸಂತೆಗಳ ಬೆಳಕೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಬಿಸಿಲು ನೆರಳಿನ ಚುಕ್ಕೆಗಳಿವೆ, ಬೆಳಕಿನ ಮಾಪಕ ಮೋಸಹೋಗುವ ಜಾಗ ಅದು. ಲಾಲ್‌ಬಾಗಿನ ಗಾಜಿನ ಮನೆಯನ್ನು ದೂರದಿಂದಲೂ ಹತ್ತಿರದಿಂದಲೂ ತೆಗೆದರೆ ಲೆನ್ಸ್ ಸರಿಯಾಗಿ ಫೋಕಸ್ ಆಗುತ್ತಿದೆಯೇ, ಗೆರೆಗಳು ನೇರವಾಗಿ ಬರುತ್ತಿವೆಯೇ ಎಂಬುದು ಗೊತ್ತಾಗುತ್ತದೆ. ಪ್ರತಿ ಚಿತ್ರಕ್ಕೂ ಷಟರ್ ವೇಗ ಮತ್ತು ಅಪರ್ಚರನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಅಪರ್ಚರ್ ಎಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಗಲ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು.

ಮಾಪಕ ಕೆಟ್ಟಿದ್ದರೂ ಹೆದರಬೇಕಿಲ್ಲ. ಚೊಕ್ಕ ಬಿಸಿಲಿನಲ್ಲಿ ಅಪರ್ಚರ್ 16ಕ್ಕಿಟ್ಟು, ಷಟರ್ ವೇಗವನ್ನು ಫಿಲ್ಮಿನ ಐಎಸ್ಒಗೆ ಹತ್ತಿರದ ಸಂಖ್ಯೆಗಿಡಿ. 200ರ ಫಿಲ್ಮಿಗೆ ಸೆಕೆಂಡಿನ 250ನೇ ಒಂದು ಭಾಗ. ಮೋಡ ಕವಿದರೆ ಅಪರ್ಚರ್ 8, ಗಾಢ ನೆರಳಿನಲ್ಲಿ 4. ಬಣ್ಣದ ನೆಗೆಟಿವ್ ಈ ಅಂದಾಜಿಗೆ ಸಲೀಸಾಗಿ ಒಗ್ಗುತ್ತದೆ.

ರೀಲು ಹಾಕುವಾಗ ಹೊಸಬರು ಎಡವುವುದು ಒಂದೇ ಕಡೆ. ಫಿಲ್ಮಿನ ತುದಿ ಹಲ್ಲುಚಕ್ರಕ್ಕೆ ಸಿಕ್ಕದೆ ಜಾರಿರುತ್ತದೆ, ಎಣಿಕೆಯ ಮುಳ್ಳು ಮಾತ್ರ 1, 2, 3 ಎಂದು ಮುಂದೋಡುತ್ತಿರುತ್ತದೆ. ಬಾಗಿಲು ಮುಚ್ಚಿ, ರೀಲನ್ನು ಮರಳಿ ಸುತ್ತುವ ಸುತ್ತುಗಣೆಯನ್ನು ಮೆಲ್ಲನೆ ಬಿಗಿ ಮಾಡಿ, ಆಮೇಲೆ ಫಿಲ್ಮನ್ನು ಮುಂದೂಡುವ ಲಿವರ್ ಎಳೆದಾಗ ಆ ಸುತ್ತುಗಣೆ ಹಿಮ್ಮುಖವಾಗಿ ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ಓಡುತ್ತಿಲ್ಲ.

ಹಂತ 5: ವಿಮಾನ ನಿಲ್ದಾಣ

ಎಲ್ಲಕ್ಕಿಂತ ಹೆಚ್ಚು ಫಿಲ್ಮ್ ಹಾಳಾಗುವುದು ಇಲ್ಲಿ. ಫಿಲ್ಮಿನ ಮೇಲಿನ ಬೆಳ್ಳಿ ಲವಣದ ಹರಳುಗಳಿಗೆ ಎಕ್ಸ್-ರೇ ಕೂಡ ಬೆಳಕೇ. ಪೆಟ್ಟು ಬಿದ್ದ ಫಿಲ್ಮನ್ನು ತೊಳೆದಾಗ ಚಿತ್ರದ ಕಪ್ಪು ಭಾಗಗಳು ಬೂದು ಬಣ್ಣಕ್ಕೆ ತಿರುಗಿರುತ್ತವೆ, ಕಾಳುಗಳು ಹೆಚ್ಚಿರುತ್ತವೆ, ಕೆಲವೊಮ್ಮೆ ಅಲೆಯಂಥ ಪಟ್ಟೆಗಳಿರುತ್ತವೆ. ಸರಿಪಡಿಸುವ ಉಪಾಯವಿಲ್ಲ.

ಮೂರು ಬಗೆಯ ಯಂತ್ರಗಳನ್ನು ತಿಳಿದಿರಿ. ಕೌಂಟರಿನಲ್ಲಿ ಕೊಡುವ ದೊಡ್ಡ ಸಾಮಾನುಗಳನ್ನು ನೋಡುವ ಯಂತ್ರ ಅತಿ ಪ್ರಬಲ. ಸೂಟ್‌ಕೇಸಿನಲ್ಲಿ ಫಿಲ್ಮ್ ಇಡಲೇಬಾರದು, ಯಾವ ಕಾರಣಕ್ಕೂ. ಎರಡನೆಯದು ಕೈಚೀಲಗಳಿಗೆ ಬಳಸುವ ಹಳೆಯ ಮಾದರಿಯ ಎಕ್ಸ್-ರೇ ಯಂತ್ರ. 400ರ ಫಿಲ್ಮ್ ಇದರಲ್ಲಿ ಒಂದೆರಡು ಸಲ ಹಾದುಹೋದರೆ ಕಣ್ಣಿಗೆ ಕಾಣುವ ಹಾನಿ ಸಾಮಾನ್ಯವಾಗಿ ಆಗುವುದಿಲ್ಲ, ಆದರೆ ಪೆಟ್ಟು ಕೂಡುತ್ತಾ ಹೋಗುತ್ತದೆ. ಮೂರನೆಯದು ಕೈಚೀಲಗಳಿಗೇ ಬಂದಿರುವ ಸಿಟಿ ಯಂತ್ರ. ಆಸ್ಪತ್ರೆಯ ಸಿಟಿ ಸ್ಕ್ಯಾನಿನಂತೆ ಸುತ್ತಲೂ ತಿರುಗಿ ಹಲವು ಕೋನಗಳಿಂದ ಚಿತ್ರ ಹಿಡಿಯುತ್ತದೆ. ಒಂದೇ ಸಲ ಹಾದುಹೋದರೂ ಫಿಲ್ಮ್ ಹಾಳಾಗಬಹುದೆಂದು ಕೊಡಾಕ್, ಇಲ್‌ಫರ್ಡ್ ಎರಡೂ ಎಚ್ಚರಿಸಿವೆ. ಯುರೋಪು, ಅಮೆರಿಕದ ದೊಡ್ಡ ನಿಲ್ದಾಣಗಳಲ್ಲಿ ಇವು ಹರಡುತ್ತಿವೆ. ಗುರುತಿಸುವ ಸುಲಭ ದಾರಿ: "ಲ್ಯಾಪ್‌ಟಾಪ್ ಹೊರತೆಗೆಯಬೇಕಿಲ್ಲ, ಚೀಲದಲ್ಲೇ ಇರಲಿ" ಎಂದು ಸಿಬ್ಬಂದಿ ಹೇಳಿದರೆ ಮುಂದಿರುವುದು ಬಹುಮಟ್ಟಿಗೆ ಸಿಟಿ ಯಂತ್ರ. ನಾಳೆ ಯಾವ ನಿಲ್ದಾಣದಲ್ಲಿ ಯಾವ ಯಂತ್ರ ಬರುತ್ತದೋ ಊಹಿಸಲಾಗದು, ಆದ್ದರಿಂದ ಎಲ್ಲ ಕಡೆಯೂ ಸಿಟಿ ಇದೆ ಎಂದೇ ನಂಬಿ ಸಿದ್ಧರಾಗಿ.

ಸಿದ್ಧತೆ ಹೀಗಿರಲಿ. ರೀಲುಗಳನ್ನು ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಡಬ್ಬಿಗಳಿಂದ ಹೊರತೆಗೆದು, ಜಿಪ್ ಇರುವ ಒಂದೇ ಪಾರದರ್ಶಕ ಚೀಲದಲ್ಲಿ ಹಾಕಿ. ನೋಡಿದ ಕೂಡಲೇ ಏನೆಂದು ತಿಳಿಯಬೇಕು. ಹಾರುವ ದಿನ ಕ್ಯಾಮೆರಾದೊಳಗೆ ರೀಲು ಇರಬಾರದು. ಅದನ್ನು ತೆರೆದು ತೋರಿಸಲಾಗುವುದಿಲ್ಲ, ಹಾಗಾಗಿ ಯಂತ್ರಕ್ಕೇ ಹಾಕಬೇಕಾಗುತ್ತದೆ. ಸಾಲು ಕಡಿಮೆ ಇರುವಾಗ, ಅರ್ಧ ಗಂಟೆ ಮುಂಚಿತವಾಗಿ ಹೋಗಿ, ಕೈಯಲ್ಲಿ ಚೀಲ ಹಿಡಿದು ಕೈಯಿಂದ ಪರೀಕ್ಷಿಸುವಂತೆ ವಿನಂತಿಸಿ.

ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಅಂತಾರಾಷ್ಟ್ರೀಯ ವಿಮಾನಗಳು ಹೊರಡುವುದು ಎರಡನೇ ಟರ್ಮಿನಲ್‌ನಿಂದ, ತಪಾಸಣೆ ಮಾಡುವವರು ಸಿಐಎಸ್ಎಫ್ ಸಿಬ್ಬಂದಿ. ಕೈ ತಪಾಸಣೆ ಇಲ್ಲಿ ನಿಮ್ಮ ಹಕ್ಕಲ್ಲ, ಅವರ ವಿವೇಚನೆ. ಒಬ್ಬರು ಒಪ್ಪದಿದ್ದರೆ ವಾದಕ್ಕಿಳಿಯದೆ ಮೇಲಿನ ಅಧಿಕಾರಿಯನ್ನು ಕರೆಯಲು ಸೌಜನ್ಯದಿಂದ ಕೇಳಿ. ಈಗಿನ ಎಷ್ಟೋ ಸಿಬ್ಬಂದಿ ರೀಲನ್ನು ಕೈಯಲ್ಲಿ ಹಿಡಿದವರೇ ಅಲ್ಲ. ಇದು ತೊಳೆಯದ ಫಿಲ್ಮ್, ಎಕ್ಸ್-ರೇ ತಾಗಿದರೆ ಚಿತ್ರ ಹೋಗುತ್ತದೆ ಎಂದು ಎರಡೇ ವಾಕ್ಯದಲ್ಲಿ ಹೇಳಿ. ಅಮೆರಿಕದಲ್ಲಿ ಭದ್ರತಾ ಸಂಸ್ಥೆಯೇ ತೊಳೆಯದ ಫಿಲ್ಮಿಗೆ ಕೈ ತಪಾಸಣೆ ಕೇಳಿಕೊಳ್ಳುವಂತೆ ಸಲಹೆ ಕೊಡುತ್ತದೆ, ಅಲ್ಲಿ ತೊಂದರೆ ಕಡಿಮೆ. ಬೇರೆ ದೇಶಗಳಿಗೆ ಅದೇ ಎರಡು ವಾಕ್ಯಗಳನ್ನು ಅಲ್ಲಿನ ಭಾಷೆಯಲ್ಲಿ ಬರೆದ ಚೀಟಿ ಚೀಲದೊಳಗಿರಲಿ.

ಸೀಸದ ಪದರದ ಚೀಲಗಳನ್ನು ಕೊಳ್ಳಬೇಡಿ. ಪರದೆಯ ಮೇಲೆ ಕಪ್ಪು ಮುದ್ದೆ ಕಂಡರೆ ಸಿಬ್ಬಂದಿ ಚೀಲ ತೆರೆಸುತ್ತಾರೆ ಅಥವಾ ಮತ್ತೊಮ್ಮೆ ಯಂತ್ರಕ್ಕೆ ಹಾಕುತ್ತಾರೆ. ಸಿಟಿ ಯಂತ್ರದ ಮುಂದೆ ಅದನ್ನು ನಂಬಿ ಕೂರುವಂತೆಯೂ ಇಲ್ಲ. ತಕ್ಷಣ ಚಿತ್ರ ಹೊರಬರುವ ಇನ್‌ಸ್ಟ್ಯಾಕ್ಸ್ ಫಿಲ್ಮ್ 800ರದ್ದು, ಮಕ್ಕಳ ಆಟಿಕೆಯೆಂದು ಅದನ್ನು ಸೂಟ್‌ಕೇಸಿಗೆ ಎಸೆಯಬೇಡಿ.

ಡಿಜಿಟಲ್ ಕ್ಯಾಮೆರಾ, ಮೆಮೊರಿ ಕಾರ್ಡುಗಳಿಗೆ ಈ ಯಂತ್ರಗಳಿಂದ ಅಪಾಯವಿಲ್ಲ. ತೊಳೆದ ನೆಗೆಟಿವ್‌ಗೂ ಇಲ್ಲ. ಈ ಎರಡನೆಯ ಮಾತನ್ನು ನೆನಪಿಡಿ, ಕೊನೆಯ ಹಂತದಲ್ಲಿ ಬೇಕಾಗುತ್ತದೆ.

ಹಂತ 6: ಡಿಜಿಟಲ್ ಒಯ್ಯುವವರಿಗೆ

ಇಲ್ಲಿ ಅಪಾಯ ಬೇರೆ ಬಗೆಯದು: ಕಳವು, ಕೆಟ್ಟ ಕಾರ್ಡು, ಖಾಲಿ ಬ್ಯಾಟರಿ.

ಹೆಚ್ಚುವರಿ ಲಿಥಿಯಂ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಸೂಟ್‌ಕೇಸಿನಲ್ಲಿ ನಿಷಿದ್ಧ. 100 ವ್ಯಾಟ್-ಗಂಟೆಯವರೆಗೆ ವಿಮಾನ ಸಂಸ್ಥೆಯ ಅನುಮತಿ ಬೇಕಿಲ್ಲ. ವೋಲ್ಟನ್ನು ಮಿಲಿಆಂಪ್-ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಈ ಅಳತೆ ಸಿಗುತ್ತದೆ. 7.2 ವೋಲ್ಟ್, 2,000 ಮಿಲಿಆಂಪ್-ಗಂಟೆಯ ಕ್ಯಾಮೆರಾ ಬ್ಯಾಟರಿ 14.4. 3.7 ವೋಲ್ಟಿನ ಲೆಕ್ಕದಲ್ಲಿ 20,000ದ ಪವರ್ ಬ್ಯಾಂಕ್ 74. ಅಕ್ಷರ ಅಳಿಸಿಹೋದ ಪವರ್ ಬ್ಯಾಂಕನ್ನು ಮನೆಯಲ್ಲೇ ಬಿಡಿ.

ಕ್ಯಾಮೆರಾ ಚಾರ್ಜರುಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟಿನವರೆಗೆ ಕೆಲಸ ಮಾಡುತ್ತವೆ, ಜಪಾನಿನ 100 ವೋಲ್ಟಿಗೂ ತೊಂದರೆಯಿಲ್ಲ. ಬದಲಾಗುವುದು ಪ್ಲಗ್ಗಿನ ಆಕಾರ. ನಮ್ಮ ಸಣ್ಣ ಎರಡು ಕಡ್ಡಿಯ ಪ್ಲಗ್ ಯುರೋಪಿನ ಬಹುತೇಕ ದೇಶಗಳಲ್ಲಿ ನಡೆಯುತ್ತದೆ. ಬ್ರಿಟನ್‌ಗೆ ಮೂರು ಚೌಕ ಕಡ್ಡಿ, ಜಪಾನ್ ಮತ್ತು ಅಮೆರಿಕಕ್ಕೆ ಎರಡು ಚಪ್ಪಟೆ ಕಡ್ಡಿಯ ಅಡಾಪ್ಟರ್ ಬೇಕು.

ಕಾರ್ಡಿನ ಲೆಕ್ಕ: 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಕಡತ, ಅಂದರೆ ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಕಡತ, 30 ಎಂಬಿ ಎಂದುಕೊಂಡರೆ 64 ಜಿಬಿ ಕಾರ್ಡಿನಲ್ಲಿ ಸುಮಾರು ಎರಡು ಸಾವಿರ ಚಿತ್ರ. ಒಂದೇ ದೊಡ್ಡ ಕಾರ್ಡಿಗಿಂತ ಎರಡು ಮಧ್ಯಮ ಗಾತ್ರದವು ಮೇಲು. ಹೊರಡುವ ಮುನ್ನ ಹಳೆಯ ಚಿತ್ರಗಳನ್ನು ಬೇರೆಡೆ ಉಳಿಸಿ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಪ್ರತಿ ರಾತ್ರಿ ಹೋಟೆಲಿನಲ್ಲಿ ಆ ದಿನದ ಚಿತ್ರಗಳ ಇನ್ನೊಂದು ಪ್ರತಿ ಮೊಬೈಲಿಗೋ ಸಣ್ಣ ಡ್ರೈವಿಗೋ ಹೋಗಲಿ, ಆ ಡ್ರೈವ್ ಕ್ಯಾಮೆರಾ ಚೀಲದಲ್ಲಿ ಇರದಿರಲಿ. ಚೀಲ ಹೋದರೆ ಎರಡೂ ಹೋಗುತ್ತವೆ.

ವಿಮಾನ ಇಳಿದ ಕೂಡಲೇ ಕ್ಯಾಮೆರಾದ ಗಡಿಯಾರ ಸರಿಪಡಿಸಿ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದು, ಥಾಯ್ಲೆಂಡ್ ಒಂದೂವರೆ. ಮೊಬೈಲ್ ತಾನೇ ಬದಲಾಗುತ್ತದೆ, ಕ್ಯಾಮೆರಾ ಎಲ್ಲವೂ ಹಾಗಲ್ಲ. ಎರಡರ ಚಿತ್ರಗಳನ್ನು ಕಲಸಿ ಜೋಡಿಸುವಾಗ ರಾತ್ರಿಯ ಊಟದ ನಂತರ ಸೂರ್ಯೋದಯ ಬರುತ್ತದೆ.

ಹಂತ 7: ಕಸ್ಟಮ್ಸ್

ಬೆಲೆಬಾಳುವ ಕ್ಯಾಮೆರಾ, ಲೆನ್ಸ್ ಒಯ್ಯುತ್ತಿದ್ದರೆ ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಪಡೆಯಿರಿ. ಇದು ಭಾರತದಿಂದಲೇ ಹೋದ ವಸ್ತು ಎನ್ನುವುದಕ್ಕೆ ಪುರಾವೆ, ಮರಳುವಾಗ ಸುಂಕದ ತಕರಾರು ಬರುವುದಿಲ್ಲ. ಬಿಲ್ಲಿನ ಪ್ರತಿ, ಕ್ಯಾಮೆರಾ ಮತ್ತು ಲೆನ್ಸಿನ ಕ್ರಮಸಂಖ್ಯೆ ಕೈಯಲ್ಲಿರಲಿ. ಬಾಡಿಗೆಯದಾದರೆ ಬಾಡಿಗೆ ಪತ್ರ. ಅಲ್ಲೇ ಹೊಸ ಕ್ಯಾಮೆರಾ ಕೊಳ್ಳುವ ಆಸೆಯಿದ್ದರೆ ಸುಂಕವಿಲ್ಲದೆ ತರಬಹುದಾದ ಮಿತಿಯನ್ನು ಹೊರಡುವ ವಾರ ಕಸ್ಟಮ್ಸ್ ಇಲಾಖೆಯ ಜಾಲತಾಣದಲ್ಲೇ ನೋಡಿ, ಆ ಮಿತಿ ಬದಲಾಗಿರಬಹುದು.

ಹಂತ 8: ಅಲ್ಲಿಗೆ ತಲುಪಿದ ಮೇಲೆ

ಎರಡೂ ಒಯ್ದವರು ಕೆಲಸ ಹಂಚಿಬಿಡಿ. ಒಂದೇ ದೃಶ್ಯವನ್ನು ಎರಡರಲ್ಲೂ ತೆಗೆಯುತ್ತ ನಿಂತರೆ ಜೊತೆಗಿರುವವರ ತಾಳ್ಮೆ ಮೊದಲ ದಿನವೇ ಮುಗಿಯುತ್ತದೆ. ನನ್ನ ಸಲಹೆ: ಒಳಾಂಗಣ, ರಾತ್ರಿ, ಗುಂಪು ಚಿತ್ರ, ಟಿಕೆಟ್ ನಕ್ಷೆಗಳೆಲ್ಲ ಡಿಜಿಟಲ್‌ಗೆ. ಹಗಲಿನ ಬೀದಿ, ಜೊತೆಗಿರುವವರ ಮುಖ, ನಿಧಾನವಾಗಿ ನೋಡುವ ಜಾಗಗಳು ಫಿಲ್ಮಿಗೆ.

ಬೆಳಕಿನ ವಿಷಯದಲ್ಲಿ ಎರಡರ ಸ್ವಭಾವ ತದ್ವಿರುದ್ಧ. ಬಣ್ಣದ ನೆಗೆಟಿವ್ ಫಿಲ್ಮಿಗೆ ಬೆಳಕು ತುಸು ಹೆಚ್ಚಾದರೆ ಚಿಂತೆಯಿಲ್ಲ, ಕಡಿಮೆಯಾದರೆ ನೆರಳುಗಳು ಕೆಸರಾಗುತ್ತವೆ. ಡಿಜಿಟಲ್‌ನಲ್ಲಿ ಬೆಳಕು ಹೆಚ್ಚಾಗಿ ಆಕಾಶ ಬೆಳ್ಳಗೆ ಸುಟ್ಟುಹೋದರೆ ಏನು ತಿದ್ದಿದರೂ ಮರಳಿ ಬರದು, ಕಡಿಮೆಯಾದದ್ದನ್ನು ಒಂದಿಷ್ಟು ಎತ್ತಬಹುದು. ಹಾಗಾಗಿ ಫಿಲ್ಮ್ ಕೈಯಲ್ಲಿದ್ದಾಗ ನೆರಳು ನೋಡಿ ಅಳೆಯಿರಿ, ಡಿಜಿಟಲ್ ಇದ್ದಾಗ ಹೊಳಪು ಭಾಗ ನೋಡಿ. ಒಂದೇ ದಿನ ಎರಡನ್ನೂ ಬಳಸುವವರು ಇದನ್ನು ಅದಲುಬದಲು ಮಾಡಿಕೊಳ್ಳುವುದು ತೀರಾ ಸಾಮಾನ್ಯ.

ಹಿಮ ನೋಡಲು ಹೋಗುವವರಿಗೆ ಇನ್ನೊಂದು ಮಾತು. ಮಾಪಕಕ್ಕೆ ಇಷ್ಟೊಂದು ಬಿಳುಪಿನ ಅಭ್ಯಾಸವಿಲ್ಲ. ಅದು ಹೇಳಿದಂತೆ ತೆಗೆದರೆ ಹಿಮ ಬೂದಿಯಂತೆ ಬರುತ್ತದೆ. ಡಿಜಿಟಲ್‌ನಲ್ಲಿ ಬೆಳಕಿನ ತಿದ್ದುಪಡಿಯನ್ನು (ಎಕ್ಸ್‌ಪೋಷರ್ ಕಾಂಪೆನ್ಸೇಶನ್) +1ಕ್ಕಿಡಿ. ಫಿಲ್ಮ್ ಕ್ಯಾಮೆರಾದಲ್ಲಿ 200ರ ಫಿಲ್ಮ್ ಇದ್ದರೂ ಐಎಸ್ಒ ತಿರುಗಣೆಯನ್ನು 100ಕ್ಕಿಡಿ, ಹಿಮದಿಂದ ಹೊರಬಂದ ಮೇಲೆ ಮರಳಿ 200ಕ್ಕೆ. ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ, ಹೆಚ್ಚುವರಿಯದು ಒಳಜೇಬಿನಲ್ಲಿ ಬೆಚ್ಚಗಿರಲಿ. ಫಿಲ್ಮ್ ಚಳಿಗೆ ಪೆಡಸಾಗುತ್ತದೆ, ಲಿವರನ್ನು ನಿಧಾನವಾಗಿ ಎಳೆಯಿರಿ. ಹೊರಗಿನ ಚಳಿಯಿಂದ ಬೆಚ್ಚಗಿನ ಕೋಣೆಗೆ ಬರುವ ಮೊದಲು ಕ್ಯಾಮೆರಾವನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ, ಒಳಗೆ ಒಂದು ಗಂಟೆ ಹಾಗೇ ಬಿಡಿ. ಇಲ್ಲದಿದ್ದರೆ ಲೆನ್ಸಿನ ಮೇಲೂ ಒಳಗೂ ನೀರು ಹನಿಗಟ್ಟುತ್ತದೆ. ಬ್ಯಾಂಕಾಕ್, ಸಿಂಗಪುರಗಳಲ್ಲಿ ಇದೇ ತೊಂದರೆ ತಿರುಗುಮುರುಗು, ಹವಾನಿಯಂತ್ರಿತ ಕೋಣೆಯಿಂದ ಹೊರಬಂದಾಗ.

ಮುಗಿದ ರೀಲನ್ನು ಪೂರ್ತಿ ಒಳಕ್ಕೆ ಸುತ್ತಿ, ತುದಿ ಹೊರಗೆ ಉಳಿಯದಂತೆ ನೋಡಿಕೊಳ್ಳಿ. ಉಳಿದರೆ ಹೊಸದೆಂದು ಮತ್ತೆ ಹಾಕಿಬಿಡುತ್ತೀರಿ, ಟೋಕಿಯೊದ ಮೇಲೆ ಒಸಾಕಾ ಅಚ್ಚಾಗುತ್ತದೆ. ರೀಲಿನ ಮೇಲೆ ಊರು, ದಿನಾಂಕ ಬರೆಯಿರಿ. ನಿಲ್ಲಿಸಿದ ಕಾರಿನೊಳಗೆ ಫಿಲ್ಮ್ ಬಿಡಬೇಡಿ.

ಹಂತ 9: ಎಲ್ಲಿ ತೊಳೆಸುವುದು?

ಸಾಧ್ಯವಿದ್ದರೆ ಅಲ್ಲೇ. ತೊಳೆದ ನೆಗೆಟಿವ್‌ಗೆ ಎಕ್ಸ್-ರೇ ಭಯವಿಲ್ಲ, ಬರುವ ದಾರಿಯ ತಪಾಸಣೆಗಳ ತಲೆನೋವು ಒಂದೇ ಏಟಿಗೆ ತೀರುತ್ತದೆ. ಜಪಾನಿನಲ್ಲಿ ಇದು ಸುಲಭ. ಕಿತಮುರಾದಂಥ ಕ್ಯಾಮೆರಾ ಅಂಗಡಿ ಸರಣಿಯ ಅನೇಕ ಮಳಿಗೆಗಳಲ್ಲಿ ಬಣ್ಣದ ನೆಗೆಟಿವನ್ನು ಅದೇ ದಿನ ತೊಳೆದು ಕೊಡುತ್ತಾರೆ. ಬೇರೆ ದೇಶಗಳಲ್ಲಿ ದೊಡ್ಡ ನಗರದ ಲ್ಯಾಬನ್ನು ಹೊರಡುವ ಮೊದಲೇ ಹುಡುಕಿ, ಪ್ರವಾಸದ ಕೊನೆಯ ಊರಿನಲ್ಲಿ ಎರಡು ಮೂರು ದಿನ ಉಳಿಯುವಂತೆ ಯೋಜಿಸಿ. ಸ್ಕ್ಯಾನ್ ಅಲ್ಲಿ ದುಬಾರಿಯೆನಿಸಿದರೆ ತೊಳೆಸುವುದಷ್ಟೇ ಸಾಕು, ಸ್ಕ್ಯಾನ್ ಬೆಂಗಳೂರಿನಲ್ಲಿ ಮಾಡಿಸಬಹುದು.

ಇಲ್ಲೇ ತೊಳೆಸುವುದಾದರೆ ಮರಳಿದ ವಾರವೇ ಕೊಡಿ. ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ರೀಲಿನ ಬಣ್ಣ ಮಂಕಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಒಪ್ಪಿಸದೆ ಮೊದಲು ಒಂದನ್ನು ಕೊಟ್ಟು ಫಲಿತಾಂಶ ನೋಡಿ. ಲ್ಯಾಬಿನಲ್ಲಿ ಮೂರು ವಿಷಯ ಖಚಿತಪಡಿಸಿಕೊಳ್ಳಿ: ನಿಮ್ಮ ಫಿಲ್ಮಿನ ವಿಧಾನವನ್ನು ಅವರೇ ಮಾಡುತ್ತಾರೋ ಬೇರೆ ಊರಿಗೆ ಕಳಿಸುತ್ತಾರೋ, ಸ್ಕ್ಯಾನಿನ ಅಳತೆ ಎಷ್ಟು, ನೆಗೆಟಿವ್ ವಾಪಸ್ ಕೊಡುತ್ತಾರೋ ಇಲ್ಲವೋ. ಸ್ಕ್ಯಾನ್ ಕಳಿಸಿ ನೆಗೆಟಿವ್ ಎಸೆಯುವ ಜಾಗಕ್ಕೆ ಹೋಗಬೇಡಿ. ಆರಾರು ಚಿತ್ರಗಳ ಪಟ್ಟಿಯಾಗಿ ಕತ್ತರಿಸಿ ಪ್ಲಾಸ್ಟಿಕ್ ಹಾಳೆಗಳಲ್ಲಿ ಹಾಕಿಸಿಕೊಳ್ಳಿ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ.

ಸ್ಕ್ಯಾನ್ ಕಡತಗಳಲ್ಲಿ ಇರುವುದು ಸ್ಕ್ಯಾನ್ ಮಾಡಿದ ದಿನಾಂಕ. ಹಾಗೇ ಬಿಟ್ಟರೆ ಮೇ ತಿಂಗಳ ರೋಮ್ ಜುಲೈ ತಿಂಗಳ ಜಯನಗರದ ಚಿತ್ರಗಳ ನಡುವೆ ಹೋಗಿ ಕೂರುತ್ತದೆ. ರೀಲಿನ ಮೇಲೆ ಬರೆದ ದಿನಾಂಕ ನೋಡಿ ರೀಲಿಗೊಂದು ಫೋಲ್ಡರ್ ಮಾಡಿ, ಕಡತಗಳ ದಿನಾಂಕ ತಿದ್ದಿ, ಆಮೇಲೆ ಡಿಜಿಟಲ್ ಚಿತ್ರಗಳ ಜೊತೆ ಸೇರಿಸಿ.